ಗರ್ಭಕೋಶ, ಅಂಡಾಶಯದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶವನ್ನು ಕಾಯುವ ಕ್ರಮ: ಜೊತೆಗಿರುವವರಿಗೆ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದ ವಾರ್ಡುಗಳಲ್ಲಿ ಫಿಸಿಯೋಥೆರಪಿ ಮಾಡಿಸುವ ನನಗೆ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಉಸಿರಿನ ವ್ಯಾಯಾಮಕ್ಕೆಂದು ಕೊಟ್ಟ ಮೂರು ಚೆಂಡಿನ ಸ್ಪೈರೋಮೀಟರ್ ಮಂಚದ ಪಕ್ಕದಲ್ಲಿರುತ್ತದೆ. ಮನೆಯವರು "ಊದಮ್ಮ, ಊದು" ಎಂದು ಒತ್ತಾಯಿಸುತ್ತಿರುತ್ತಾರೆ. ಆಪರೇಷನ್ ಆದ ಆಕೆ ಅಂಗಾತ ಮಲಗಿಕೊಂಡೇ, ಹೊಲಿಗೆಯ ನೋವಿನ ನಡುವೆ, ಎರಡು ಸಲ ಊದಿ ಸೋತು ಅದನ್ನು ಪಕ್ಕಕ್ಕಿಡುತ್ತಾರೆ. ಮೂರು ನಾಲ್ಕು ದಿನಕ್ಕೆ ಜ್ವರ, ಕಫ, ಏದುಸಿರು ಶುರುವಾಗುತ್ತವೆ.

ಆ ಮನೆಯವರಲ್ಲಿ ಅಕ್ಕರೆಗೆ ಕೊರತೆಯಿಲ್ಲ, ತಪ್ಪಿರುವುದು ಕ್ರಮ. ಮೊದಲು ನೋವು ತಗ್ಗಬೇಕು, ಆಮೇಲೆ ಎದ್ದು ಕೂರಬೇಕು, ಆಮೇಲೆ ಉಸಿರು, ಅದರ ಹಿಂದೆ ಕೆಮ್ಮು, ನಂತರ ನಡಿಗೆ. ಈ ಸಾಲಿನಲ್ಲಿ ಒಂದನ್ನು ಬಿಟ್ಟು ಮುಂದಿನದಕ್ಕೆ ಹಾರಿದರೆ ಯಾವುದೂ ನಿಲ್ಲುವುದಿಲ್ಲ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ನಿಮ್ಮ ಶಸ್ತ್ರಚಿಕಿತ್ಸಕರು ಬೇರೆ ಸೂಚನೆ ಕೊಟ್ಟಿದ್ದರೆ ಅವರ ಮಾತೇ ಮೊದಲು.

ಹೊಟ್ಟೆಯ ಆಪರೇಷನ್ನಿಗೆ ಶ್ವಾಸಕೋಶ ಏಕೆ ಕೆಡುತ್ತದೆ

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ಅದು ಚೆನ್ನಾಗಿ ಕೆಳಗಿಳಿದಾಗಲೇ ಶ್ವಾಸಕೋಶದ ತಳದವರೆಗೆ ಗಾಳಿ ತಲುಪುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಗಂಟೆಗಟ್ಟಲೆ ಅಂಗಾತ ಮಲಗಿದ್ದಾಗ ತಳದ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ಎಚ್ಚರವಾದ ಮೇಲೆ ಹೊಲಿಗೆ ನೋಯುತ್ತದೆಂದು ಆಕೆ ಮೇಲುಮೇಲಿನ ಉಸಿರನ್ನಷ್ಟೇ ತೆಗೆದುಕೊಳ್ಳುತ್ತಾರೆ, ಕೆಮ್ಮನ್ನು ನುಂಗುತ್ತಾರೆ. ಮುಚ್ಚಿದ ಜಾಗದಲ್ಲಿ ಕಫ ನಿಲ್ಲುತ್ತದೆ, ನಿಂತ ಕಫದಲ್ಲಿ ಸೋಂಕು ಬೆಳೆದು ನ್ಯೂಮೋನಿಯಾ ಆಗುತ್ತದೆ.

ಎರಡನೆಯ ಅಪಾಯ ರಕ್ತ ಹೆಪ್ಪುಗಟ್ಟುವುದು. ಕ್ಯಾನ್ಸರ್ ತಾನಾಗಿಯೇ ರಕ್ತವನ್ನು ಹೆಪ್ಪಿನ ಕಡೆಗೆ ತಳ್ಳುತ್ತದೆ. ಅದರ ಮೇಲೆ ಕಿಬ್ಬೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆ ಮತ್ತು ಅಲುಗಾಡದ ಕಾಲುಗಳು ಸೇರುತ್ತವೆ. ಕಾಲಿನ ಅಥವಾ ಕಿಬ್ಬೊಟ್ಟೆಯ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಬಂದು ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ.

ಮೂರನೆಯದು ಶ್ವಾಸಕೋಶದ ಸುತ್ತ ನೀರು ತುಂಬುವುದು. ಅಂಡಾಶಯದ ಕ್ಯಾನ್ಸರ್ ವಪೆಯವರೆಗೆ ಹರಡಿ, ಅಲ್ಲಿನ ಪೊರೆಯನ್ನೂ ಸುಲಿದು ತೆಗೆದಿದ್ದರೆ ಇದು ಹೆಚ್ಚು, ಅದರಲ್ಲೂ ಬಲಗಡೆ. ನಾಲ್ಕನೆಯದು ವಾಂತಿ ಅಥವಾ ಊಟ ಶ್ವಾಸನಾಳಕ್ಕೆ ಇಳಿಯುವುದು.

ಆರಂಭದ ಹಂತದ ಗರ್ಭಕೋಶದ ಕ್ಯಾನ್ಸರನ್ನು ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ, ತೆಗೆದವರಿಗೆ ಈ ಅಪಾಯಗಳು ಕಡಿಮೆ. ಹೊಕ್ಕುಳಿಗಿಂತ ಮೇಲಿನವರೆಗೆ ಉದ್ದ ಕೊಯ್ದು ಅಂಡಾಶಯದ ಗೆಡ್ಡೆ ತೆಗೆದವರಿಗೆ ಹೆಚ್ಚು. ನಿಮ್ಮವರದು ಯಾವುದು ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದ ಸಾಮಾನು

ಮೂರು ಚೆಂಡಿನ ಸ್ಪೈರೋಮೀಟರ್, ಒಂದು ಗಟ್ಟಿ ದಿಂಬು, ಡಿಜಿಟಲ್ ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಸೆಕೆಂಡ್ ಮುಳ್ಳಿನ ಗಡಿಯಾರ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಜಾರದ ಚಪ್ಪಲಿ, ಒಂದು ನೋಟ್‌ಬುಕ್. ಒತ್ತಡದ ಕಾಲುಚೀಲವನ್ನು ವೈದ್ಯರು ಹೇಳಿದರೆ ಮಾತ್ರ, ಕಾಲಿನ ಅಳತೆ ತೆಗೆಸಿ ಕೊಳ್ಳಿ. ಅಳತೆ ತಪ್ಪಿದ ಚೀಲ ಮಂಡಿಯ ಬಳಿ ಸುರುಳಿಯಾಗಿ ಬಿಗಿದು ಕೆಡುಕನ್ನೇ ಮಾಡುತ್ತದೆ.

ಹಂತ 1: ಶಸ್ತ್ರಚಿಕಿತ್ಸೆಗೆ ಮುಂಚಿನ ವಾರಗಳು

ಹೊಗೆಯಿಂದ ದೂರ ಇಡಿ. ನಮ್ಮ ಕಡೆಯ ಹೆಂಗಸರಲ್ಲಿ ಬೀಡಿ ಸಿಗರೇಟು ಸೇದುವವರು ಕಡಿಮೆ, ಆದ್ದರಿಂದ "ನಮಗೆ ಆ ಅಭ್ಯಾಸವಿಲ್ಲ" ಎಂದು ಪ್ರಶ್ನೆ ಅಲ್ಲಿಗೇ ಮುಗಿದುಹೋಗುತ್ತದೆ. ಸೌದೆ ಒಲೆಯ ಮುಂದೆ ಇಪ್ಪತ್ತು ಮೂವತ್ತು ವರ್ಷ ಕೂತವರ ಶ್ವಾಸಕೋಶವೂ ಸೇದುವವರ ಶ್ವಾಸಕೋಶದಂತೆ ಹಾಳಾಗಿರಬಹುದು. ಮಂಡ್ಯದ ಕಡೆ ಆಲೆಮನೆಯಲ್ಲಿ, ಹುಣಸೂರು ಪಿರಿಯಾಪಟ್ಟಣದ ಕಡೆ ತಂಬಾಕು ಬೇಯಿಸುವ ಬ್ಯಾರನ್‌ನಲ್ಲಿ ದುಡಿದಿದ್ದರೆ ಅದನ್ನೂ ಅರಿವಳಿಕೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅವರು ಕೇಳದೆ ಇರಬಹುದು, ಕೇಳದಿದ್ದರೂ ಹೇಳಿ. ಸೇದುವ ಅಭ್ಯಾಸವಿದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಅಷ್ಟು ಸಮಯವಿಲ್ಲವೆಂದು ಬಿಡದೆ ಇರುವುದು ಸರಿಯಲ್ಲ, ಇವತ್ತೇ ಬಿಟ್ಟರೂ ಲಾಭವಿದೆ.

ಉಬ್ಬಸಕ್ಕೆ ಇನ್‌ಹೇಲರ್ ಬಳಸುತ್ತಿದ್ದರೆ ಆಪರೇಷನ್ ದಿನವೂ ನಿಲ್ಲಿಸದೆ ಆಸ್ಪತ್ರೆಗೆ ತನ್ನಿ. ಹೊಟ್ಟೆ ಉಬ್ಬಿ ನೀರು ತುಂಬಿದ್ದರೆ, ಮಲಗಿದಾಗ ಉಸಿರು ಕಟ್ಟುವಂತಿದ್ದರೆ ಮೊದಲೇ ತಿಳಿಸಿ. ಆ ನೀರನ್ನು ಮುಂಚಿತವಾಗಿ ತೆಗೆಯಬೇಕಾಗಬಹುದು. ರಕ್ತಹೀನತೆ ಮತ್ತು ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಕೊರತೆ ಕೂಡ ಶ್ವಾಸಕೋಶದ ತೊಂದರೆಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಮೊಟ್ಟೆ, ಬೇಳೆ, ಕಾಳು, ಮೊಸರು ಊಟದಲ್ಲಿರಲಿ.

ಉಸಿರಾಟವನ್ನು ಈಗಲೇ ಕಲಿಸಿ. ಇದನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೇಲುಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಮೊದಲು ಫಿಸಿಯೋಥೆರಪಿಸ್ಟ್ ಒಮ್ಮೆ ಅರ್ಧ ಗಂಟೆ ಕೂತು ಕಲಿಸಿದ್ದರಿಂದಲೇ ಶ್ವಾಸಕೋಶದ ತೊಂದರೆಗಳು ಅರ್ಧಕ್ಕರ್ಧ ಇಳಿದವು. ನೋವಿಲ್ಲದ ದಿನಗಳಲ್ಲಿ ಕಲಿತದ್ದು ನೋವಿನ ದಿನಗಳಲ್ಲಿ ಕೈಹಿಡಿಯುತ್ತದೆ. ಮಂಪರಿನಲ್ಲಿರುವವರಿಗೆ ಹೊಸದಾಗಿ ಕಲಿಸುವುದು ಬಹಳ ಕಷ್ಟ. ದಾಖಲಾದ ದಿನವೇ "ಫಿಸಿಯೋಥೆರಪಿಸ್ಟ್ ಬಂದು ಒಮ್ಮೆ ಹೇಳಿಕೊಡಲಿ" ಎಂದು ಕೇಳಿ.

ಹಂತ 2: ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

ಸಾಮಾನ್ಯ ನಿಯಮದಂತೆ ಗಟ್ಟಿ ಆಹಾರ ಆರು ಗಂಟೆ ಮೊದಲೇ ನಿಲ್ಲಬೇಕು, ತಿಳಿನೀರು ಎರಡು ಗಂಟೆ ಮೊದಲು. ನಿಮ್ಮ ಅರಿವಳಿಕೆ ವೈದ್ಯರು ಇದಕ್ಕಿಂತ ಹೆಚ್ಚು ಹೊತ್ತು ಹೇಳಬಹುದು, ಅದನ್ನೇ ಪಾಲಿಸಿ. ಎಡವುವುದು ಕಾಫಿಯಲ್ಲಿ. ಹಾಲು ಬೆರೆಸಿದ ಕಾಫಿ ತಿಳಿನೀರಲ್ಲ, ಅದಕ್ಕೂ ಆರು ಗಂಟೆಯ ಲೆಕ್ಕ. "ಒಂದು ಗುಟುಕು ತಾನೇ" ಎಂದು ಕೊಟ್ಟದ್ದನ್ನು ಮುಚ್ಚಿಡಬೇಡಿ.

ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರಾದರೆ ಬಾಯಿಯಲ್ಲಿ ಚೂರೂ ಉಳಿಯಬಾರದು. ಹಲ್ಲು ಉಜ್ಜಿಸಿ, ಕಟ್ಟಿಸಿಕೊಂಡ ಹಲ್ಲಿನ ಸೆಟ್ ತೆಗೆಸಿಡಿ, ಅಲ್ಲಾಡುವ ಹಲ್ಲಿದ್ದರೆ ಹೇಳಿ. ಬೆರಳಿನ ಉಗುರುಬಣ್ಣ ಅಳಿಸಿ. ಆಕ್ಸಿಮೀಟರಿನ ಬೆಳಕು ಅದರಲ್ಲಿ ಸರಿಯಾಗಿ ಹಾಯುವುದಿಲ್ಲ.

ಹಂತ 3: ಮೊದಲು ನೋವು ತಗ್ಗಿಸಿ

ನಮ್ಮ ತಾಯಂದಿರು ವೈದ್ಯರು ಬಂದು "ಹೇಗಿದ್ದೀರಮ್ಮ" ಎಂದರೆ "ಪರವಾಗಿಲ್ಲ ಸ್ವಾಮಿ" ಎನ್ನುತ್ತಾರೆ. ಅವರು ಆ ಕಡೆ ಹೋದ ಮೇಲೆ ಸೆರಗು ಕಚ್ಚಿಕೊಂಡು ನರಳುತ್ತಾರೆ. ಈ ಸಹನೆ ಶ್ವಾಸಕೋಶಕ್ಕೆ ಶತ್ರು. ಅಂಕಿ ಹೇಳಲು ಬಾರದವರಿಗೆ "ರೂಪಾಯಿಗೆ ಎಷ್ಟಾಣೆ ನೋವು" ಎಂದು ಕೇಳಿ. ನಾಲ್ಕಾಣೆಯೆಂದರೆ ಮುಂದುವರಿಯಬಹುದು, ಎಂಟಾಣೆ ದಾಟಿದರೆ ನರ್ಸ್‌ಗೆ ತಿಳಿಸಿ.

ಕೇಳಬೇಕಾದ್ದು ಮಲಗಿದಾಗಿನ ನೋವನ್ನಲ್ಲ, ಕೆಮ್ಮುವಾಗಿನ ನೋವನ್ನು. ಕೆಮ್ಮಲು ಆಗುತ್ತಿಲ್ಲವೆಂದರೆ ಔಷಧ ಸಾಲುತ್ತಿಲ್ಲ ಎಂದೇ ಅರ್ಥ. ಮಾತ್ರೆ ಕೊಟ್ಟ ಮುಕ್ಕಾಲು ಗಂಟೆಯ ನಂತರ ವ್ಯಾಯಾಮ ಇಟ್ಟುಕೊಳ್ಳಿ. ಕೆಲವೇ ದಿನಗಳ ನೋವಿನ ಔಷಧ ಅಭ್ಯಾಸವಾಗಿಬಿಡುತ್ತದೆಂದು ಹೆದರಿ ತಪ್ಪಿಸಬೇಡಿ.

ಎಚ್ಚರ: ಪ್ರಬಲ ನೋವುನಿವಾರಕ ಕೊಟ್ಟ ಮೇಲೆ ಕೂಗಿದರೂ ಕಣ್ಣು ಬಿಡದಷ್ಟು ಮಂಪರು, ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಉಸಿರು ಕಂಡರೆ ನಿದ್ದೆ ಬಂದಿದೆಯೆಂದು ಬಿಡದೆ ಆ ಕ್ಷಣ ನರ್ಸ್‌ನನ್ನು ಕರೆಯಿರಿ.

ಹಂತ 4: ಎಬ್ಬಿಸಿ ಕೂರಿಸಿ

ಎಚ್ಚರವಾದ ಕೂಡಲೇ ಮಂಚದ ತಲೆಭಾಗ ಮೂವತ್ತು ಡಿಗ್ರಿಯಷ್ಟು ಎತ್ತಿರಲಿ. ಮಂಚಕ್ಕೆ ಹಿಡಿಕೆ ಇಲ್ಲದಿದ್ದರೆ ಬೆನ್ನಿನ ಹಿಂದೆ ಎರಡು ದಿಂಬು ಓರೆಯಾಗಿ ಇಡಿ. ಬರೀ ಕುತ್ತಿಗೆಯ ಕೆಳಗೆ ಇಟ್ಟರೆ ಗದ್ದ ಎದೆಗೆ ಒತ್ತಿ ಉಸಿರು ಇನ್ನೂ ಕಿರಿದಾಗುತ್ತದೆ.

ವೈದ್ಯರು ಒಪ್ಪಿದರೆ ಆಪರೇಷನ್ ದಿನದ ಸಂಜೆ ಅಥವಾ ಮರುದಿನ ಬೆಳಿಗ್ಗೆ ಮಂಚದ ಅಂಚಿಗೆ ಕೂರಿಸಬೇಕು. ಕೈಹಿಡಿದು ನೇರವಾಗಿ ಎಳೆಯಬೇಡಿ. ಮಂಡಿ ಮಡಚಿಸಿ, ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗಿಳಿಸುತ್ತಾ ಮೊಣಕೈ ಊರಿಸಿ ಏಳಿಸಿ. ಹೊಟ್ಟೆಯ ಮೇಲೆ ಬಲ ಬೀಳುವುದಿಲ್ಲ. ತಲೆ ಸುತ್ತಿದರೆ ಎರಡು ನಿಮಿಷ ಹಾಗೆಯೇ ಕೂರಿಸಿ. ಬೆನ್ನಿನಲ್ಲಿ ನೋವಿನ ಔಷಧದ ಸಣ್ಣ ನಳಿಕೆ ಇದ್ದರೆ, ಕಾಲಿಗೆ ಬಲವಿದೆಯೇ ಎಂದು ನರ್ಸ್ ನೋಡಿದ ಮೇಲೆಯೇ ನಿಲ್ಲಿಸಬೇಕು.

ಹಂತ 5: ಉಸಿರಾಟ ಮತ್ತು ಸ್ಪೈರೋಮೀಟರ್

ಇದು ಊದುವ ಸಾಧನವಲ್ಲ, ಎಳೆಯುವ ಸಾಧನ. ಹೆಚ್ಚಿನ ಮನೆಯವರು ಇಲ್ಲೇ ತಪ್ಪುತ್ತಾರೆ. ನೆಟ್ಟಗೆ ಕೂರಿಸಿ ಸ್ಪೈರೋಮೀಟರನ್ನು ನೇರವಾಗಿ ಹಿಡಿಸಿ, ಓರೆ ಮಾಡಿದರೆ ಚೆಂಡು ಸುಳ್ಳು ಹೇಳುತ್ತದೆ. ಮೊದಲು ಉಸಿರನ್ನು ಮೆಲ್ಲಗೆ ಹೊರಬಿಡಲಿ. ನಂತರ ತುಟಿಗಳನ್ನು ಕೊಳವೆಯ ಸುತ್ತ ಬಿಗಿದು, ನಿಧಾನವಾಗಿ, ಆಳವಾಗಿ ಒಳಗೆಳೆಯಲಿ. ಚೆಂಡು ಮೇಲೇರಿದಾಗ ಎಳೆತವನ್ನು ಮೂರರಿಂದ ಐದು ಸೆಕೆಂಡ್ ಹಿಡಿದಿಟ್ಟು, ಕೊಳವೆ ತೆಗೆದು ಉಸಿರು ಬಿಡಲಿ.

ಮೂರು ಚೆಂಡುಗಳು ಸೆಕೆಂಡಿಗೆ ಸುಮಾರು 600, 900, 1200 ಮಿಲಿಲೀಟರ್ ವೇಗಕ್ಕೆ ಏಳುತ್ತವೆ. ಮೂರನ್ನೂ ಒಂದು ಕ್ಷಣ ಜಿಗಿಸುವುದಕ್ಕಿಂತ ಮೊದಲನೆಯದನ್ನೇ ಮೂರು ಸೆಕೆಂಡ್ ನಿಲ್ಲಿಸುವುದು ಮೇಲು. ಚೆಂಡು ಜಿಗಿಸಲು ಮೊಮ್ಮಕ್ಕಳ ಜೊತೆ ಪೈಪೋಟಿ ನಡೆಸುವುದು ಬೇಡ.

ಎಚ್ಚರವಿರುವ ಪ್ರತಿ ಗಂಟೆಗೆ ಹತ್ತು ಉಸಿರು. ಒಂದೇ ಸಮನೆ ಎಳೆದರೆ ತಲೆ ಸುತ್ತಿ ಬೆರಳು ಜುಮುಗುಡುತ್ತದೆ. ಆಗ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಮುಂದುವರಿಸಿ. ಬೆಳಿಗ್ಗೆ ಐವತ್ತು ಸಲ ಮಾಡಿ ದಿನದ ಲೆಕ್ಕ ತೀರಿಸುವುದರಿಂದ ಉಪಯೋಗವಿಲ್ಲ. ಗಾಳಿಗೂಡುಗಳು ಮತ್ತೆ ಮುಚ್ಚುತ್ತಲೇ ಇರುತ್ತವೆ.

ಸ್ಪೈರೋಮೀಟರ್ ಸಿಗದಿದ್ದರೆ ಗಾಬರಿ ಬೇಡ. ಈ ಉಪಕರಣವೊಂದೇ ತೊಂದರೆ ತಡೆಯುತ್ತದೆಂದು ಅಧ್ಯಯನಗಳು ಸಾಬೀತುಪಡಿಸಿಲ್ಲ. ಪಕ್ಕೆಯ ಕೆಳಭಾಗದ ಮೇಲೆ ನಿಮ್ಮ ಅಂಗೈ ಇಟ್ಟು "ಈ ಕೈಯನ್ನು ಹೊರಗೆ ತಳ್ಳುವ ಹಾಗೆ ಉಸಿರೆಳೆಯಿರಿ" ಎಂದು ಹೇಳಿದರೂ ಕೆಲಸ ನಡೆಯುತ್ತದೆ. ಭುಜ ಮಾತ್ರ ಏಳುತ್ತಿದ್ದರೆ ಉಸಿರು ತಳಕ್ಕೆ ಹೋಗುತ್ತಿಲ್ಲ.

ಹಂತ 6: ಕೆಮ್ಮಿ ಕಫ ತೆಗೆಯುವುದು

ಹತ್ತು ಉಸಿರಿನ ಬೆನ್ನಿಗೇ ಕೆಮ್ಮು ಬರಬೇಕು. ದಿಂಬನ್ನು ಹೊಲಿಗೆಯ ಮೇಲೆ ಇಟ್ಟು ಎರಡೂ ಕೈಯಿಂದ ಅಪ್ಪಿ ಒತ್ತಿ ಹಿಡಿಯಲಿ. ಮೊದಲು ಬಾಯಿ ತೆರೆದು, ಕನ್ನಡಿಯ ಮೇಲೆ ಆವಿ ಹಿಡಿಸುವ ಹಾಗೆ "ಹಾ" ಎಂದು ಎರಡು ಮೂರು ಸಲ ಜೋರಾಗಿ ಉಸಿರು ಬಿಡಲಿ. ಕಫ ಮೇಲೆ ಬಂದಂತಾದಾಗ ಒಂದೆರಡು ಗಟ್ಟಿ ಕೆಮ್ಮು. ಗಂಟಲಲ್ಲಿ ಕೆರೆಯುವ ಸಣ್ಣ ಕೆಮ್ಮು ಆಯಾಸ ತರುತ್ತದೆಯೇ ಹೊರತು ಕಫ ತರುವುದಿಲ್ಲ.

"ಕೆಮ್ಮಿದರೆ ಹೊಲಿಗೆ ಬಿಚ್ಚಿಬಿಡುತ್ತದೆ" ಎಂಬ ಭಯವನ್ನು ಮನಸ್ಸಿನಿಂದ ತೆಗೆಸಬೇಕು. ದಿಂಬು ಒತ್ತಿ ಹಿಡಿದು ಕೆಮ್ಮಲೆಂದೇ ನಾವು ಹೇಳಿಕೊಡುತ್ತೇವೆ. ಹೊಲಿಗೆಯಿಂದ ತಿಳಿಗೆಂಪು ನೀರು ಒಮ್ಮೆಲೇ ಸುರಿದರೆ ಮಾತ್ರ ತಕ್ಷಣ ತೋರಿಸಿ. ಅಂಗಡಿಯಿಂದ ಕೆಮ್ಮು ನಿಲ್ಲಿಸುವ ಸಿರಪ್ ತಂದು ಕೊಡಬೇಡಿ. ಕಫದ ಬಣ್ಣವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಬಿಳಿ, ಹಳದಿ, ಹಸಿರು. ರಕ್ತ ಕಂಡರೆ ಬರೆದು ಸುಮ್ಮನಿರದೆ ತಕ್ಷಣ ತಿಳಿಸಿ.

ಹಂತ 7: ನಡಿಗೆ

ಮಲಗಿದ್ದಲ್ಲೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದನ್ನು ಮೊದಲ ದಿನವೇ ಶುರುಮಾಡಿ, ಗಂಟೆಗೆ ಇಪ್ಪತ್ತು ಸಲ. ಮರುದಿನದಿಂದ ಮಂಚದ ಸುತ್ತ, ಆಮೇಲೆ ಬಾಗಿಲಿನವರೆಗೆ, ಆಮೇಲೆ ವಾರ್ಡಿನ ಉದ್ದಕ್ಕೆ. ಒಮ್ಮೆ ಬಹಳ ದೂರ ನಡೆಸುವುದಕ್ಕಿಂತ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ನಡೆಸಿ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿರಲಿ, ಹೊಟ್ಟೆಯ ದ್ರವ ಹೊರಬಿಡುವ ಡ್ರೈನ್ ನಳಿಕೆ ಎಳೆಯದಿರಲಿ. ನಡೆಯುವಾಗ ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ ಕೂರಿಸಿ ಆಕ್ಸಿಮೀಟರ್ ನೋಡಿ.

ಎದೆಗೆ ನಳಿಕೆ ಹಾಕಿದ್ದರೂ ವೈದ್ಯರು ನಡೆಯಲು ಹೇಳಬಹುದು. ನಳಿಕೆಗೆ ಜೋಡಿಸಿದ ನೀರಿನ ಬಾಟಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಎಂದೂ ಎತ್ತಬೇಡಿ, ನಳಿಕೆಯನ್ನು ಮಡಚಬೇಡಿ. ಉಸಿರಿನೊಂದಿಗೆ ಒಳಗಿನ ನೀರು ಏರಿಳಿಯುವುದು ಸಹಜ. ಗುಳ್ಳೆ ಬಿಡದೆ ಬರುತ್ತಿದ್ದರೆ ನರ್ಸ್‌ಗೆ ತೋರಿಸಿ. ನಳಿಕೆ ಕಿತ್ತುಬಂದರೆ ಆ ಜಾಗವನ್ನು ಶುದ್ಧ ಗಾಜ್ ಬಟ್ಟೆಯಿಂದ ಒತ್ತಿ ಹಿಡಿದು ಕೂಗಿ ಕರೆಯಿರಿ.

ಹಂತ 8: ಬಾಣಂತನದ ಪದ್ಧತಿಯನ್ನು ಇಲ್ಲಿ ತರಬೇಡಿ

ಗರ್ಭಕೋಶ ತೆಗೆಸಿಕೊಂಡವರನ್ನು ನಮ್ಮ ಹಳ್ಳಿಗಳಲ್ಲಿ ಬಾಣಂತಿಯ ಹಾಗೆ ನೋಡಿಕೊಳ್ಳುತ್ತಾರೆ. ಅದರ ಹಿಂದಿನ ಪ್ರೀತಿ ದೊಡ್ಡದು. ಆದರೆ ಅದರ ನಾಲ್ಕು ಆಚರಣೆಗಳು ಶ್ವಾಸಕೋಶಕ್ಕೆ ನೇರವಾಗಿ ಪೆಟ್ಟು ಕೊಡುತ್ತವೆ.

ಒಂದು, ಕತ್ತಲ ಕೋಣೆಯಲ್ಲಿ ಸದಾ ಮಲಗಿಸುವುದು. ಎರಡು, ಹೊಟ್ಟೆಗೆ ಸೀರೆ ಬಿಗಿಯುವುದು. ಪಕ್ಕೆಯವರೆಗೆ ಬಿಗಿದರೆ ವಪೆ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ವೈದ್ಯರು ಬೆಲ್ಟ್ ಬರೆದಿದ್ದರೆ ಪಕ್ಕೆಲುಬಿನ ಕೆಳಗೆ, ಅಂಗೈ ತೂರುವಷ್ಟು ಸಡಿಲವಾಗಿ ಹಾಕಿ. ಮೂರು, ಸಾಂಬ್ರಾಣಿ, ಕೆಂಡದ ಹೊಗೆ. ಸೊಳ್ಳೆಬತ್ತಿಯೂ ಬೇಡ, ಪರದೆ ಕಟ್ಟಿ. ನಾಲ್ಕು, ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನೀರು ಕಡಿಮೆ ಮಾಡುವುದು. ನೀರು ಕಡಿಮೆಯಾದರೆ ಕಫ ಅಂಟಾಗುತ್ತದೆ, ಹೆಪ್ಪಿನ ಅಪಾಯ ಏರುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ವೈದ್ಯರೇ ಮಿತಿ ಹಾಕಿರದಿದ್ದರೆ ಧಾರಾಳವಾಗಿ ಕುಡಿಸಿ.

ಊಟವನ್ನು ನೆಟ್ಟಗೆ ಕೂರಿಸಿಯೇ ಕೊಡಿ. ಮಲಗಿದವರ ಬಾಯಿಗೆ ರಾಗಿ ಗಂಜಿ, ಎಳನೀರು ಸುರಿಯುವುದು ನಾನು ಕಾಣುವ ಅತಿ ಅಪಾಯದ ಉಪಚಾರ. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಹೊಟ್ಟೆ ಉಬ್ಬರಿಸಿ ವಾಂತಿ ಬರುವಂತಿದ್ದರೆ ಊಟ ನಿಲ್ಲಿಸಿ ತಿಳಿಸಿ. ದಿನಕ್ಕೆ ಎರಡು ಸಲ ಹಲ್ಲುಜ್ಜಿಸಿ, ಬಾಯಿಯ ಕೊಳೆಯೇ ಎಷ್ಟೋ ನ್ಯೂಮೋನಿಯಾಗಳಿಗೆ ಮೂಲ.

ಹಂತ 9: ಮನೆಗೆ ಹೋಗುವ ದಾರಿ ಮತ್ತು ಮುಂದಿನ ನಾಲ್ಕು ವಾರ

ಕ್ಯಾನ್ಸರ್‌ಗಾಗಿ ಹೊಟ್ಟೆ ಕೊಯ್ದ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಹೆಪ್ಪು ತಡೆಯುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಬರೆಯುತ್ತಾರೆ. ಡಿಸ್ಚಾರ್ಜ್ ದಿನ "ಇದು ಮನೆಯಲ್ಲೂ ಮುಂದುವರಿಯಬೇಕೇ, ಯಾವ ತಾರೀಖಿನವರೆಗೆ" ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ನಡೆದಾಡುತ್ತಿದ್ದಾರೆ, ಇನ್ನೇಕೆ ಎಂದು ನಿಲ್ಲಿಸುವುದೇ ಮನೆಯಲ್ಲಿ ಆಗುವ ದೊಡ್ಡ ತಪ್ಪು.

ಚುಚ್ಚುವವರು ಯಾರು ಎಂದು ಆಸ್ಪತ್ರೆಯಲ್ಲೇ ತೀರ್ಮಾನಿಸಿ, ನರ್ಸ್ ಎದುರು ಒಮ್ಮೆ ಮಾಡಿ ಕಲಿಯಿರಿ. ಹೊಕ್ಕುಳಿನಿಂದ ಎರಡು ಅಂಗುಲ ದೂರ, ಹೊಲಿಗೆಯಿಂದ ಆಚೆ, ಅಥವಾ ತೊಡೆಯ ಹೊರಬದಿ. ಚರ್ಮ ಚಿವುಟಿ ಹಿಡಿದು ನೇರವಾಗಿ ಚುಚ್ಚಬೇಕು. ಮೊದಲೇ ತುಂಬಿ ಬರುವ ಸಿರಿಂಜಿನ ಗಾಳಿಗುಳ್ಳೆಯನ್ನು ಹೊರತಳ್ಳಬೇಡಿ. ಆಮೇಲೆ ಉಜ್ಜಬೇಡಿ. ದಿನಕ್ಕೊಂದು ಬದಿ ಬದಲಿಸಿ. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಹಿಂತಿರುಗಿಸಿ. ಒಸಡಿನಲ್ಲಿ ರಕ್ತ, ಕಪ್ಪು ಮಲ, ಕೆಂಪು ಮೂತ್ರ ಕಂಡರೆ ಮುಂದಿನ ಡೋಸ್‌ಗೆ ಮೊದಲು ವೈದ್ಯರಿಗೆ ಕರೆ ಮಾಡಿ.

ಬೆಂಗಳೂರಿನ ಕಿದ್ವಾಯಿಯಂತಹ ಕಡೆ ಶಸ್ತ್ರಚಿಕಿತ್ಸೆಯಾಗಿ ನಾಗಮಂಗಲಕ್ಕೋ ಎಚ್.ಡಿ. ಕೋಟೆಗೋ ಮರಳುವವರು ಒಂದೇ ಓಟಕ್ಕೆ ಬರಬೇಡಿ. ಎಕ್ಸ್‌ಪ್ರೆಸ್‌ವೇ ಅಂಚಿನಲ್ಲಿ ನಿಲ್ಲಿಸುವುದು ಅಪಾಯ. ಊರುಗಳ ಕಡೆಗೆ ಇಳಿದು, ಗಂಟೆಗೊಮ್ಮೆ ಐದು ನಿಮಿಷ ನಡೆಸಿ. ಕಾರಿನಲ್ಲೂ ಪಾದ ಆಡಿಸುತ್ತಿರಲಿ.

ಒಂದು ಕಾಲು ಮಾತ್ರ ಊದಿ ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ನೀವಿಸಬೇಡಿ. ಅಲ್ಲಿ ಹೆಪ್ಪಿದ್ದರೆ ಕಳಚಿ ಮೇಲೆ ಹೋದೀತು. ಅದೇ ದಿನ ಆಸ್ಪತ್ರೆಗೆ ಕರೆದೊಯ್ದು ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಪರೀಕ್ಷೆ ಕೇಳಿ.

ದಿನಕ್ಕೆ ಎರಡು ಸಲ ನೋಡಬೇಕಾದ್ದು, ಓಡಬೇಕಾದ್ದು

ಜ್ವರ, ಆಕ್ಸಿಜನ್, ಉಸಿರಿನ ಎಣಿಕೆಯನ್ನು ಬೆಳಿಗ್ಗೆ ಸಂಜೆ ಬರೆಯಿರಿ. ಉಸಿರನ್ನು ಅವರಿಗೆ ತಿಳಿಯದ ಹಾಗೆ ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರಿನ ಲಯವೇ ಬದಲಾಗುತ್ತದೆ. 12ರಿಂದ 20 ಸಹಜ. ಆಕ್ಸಿಮೀಟರಿಗೆ ಮೊದಲು ಬೆರಳನ್ನು ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾಯಿರಿ.

ಅದೇ ದಿನ ವೈದ್ಯರಿಗೆ ತಿಳಿಸಿ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಕಫ ಹಳದಿ ಹಸಿರಾದರೆ, ಉಸಿರು 24 ದಾಟಿದರೆ, ಆಕ್ಸಿಜನ್ 94 ಅಥವಾ ಕೆಳಗಿಳಿದರೆ, ಚಪ್ಪಟೆ ಮಲಗಲು ಆಗದೆ ಒಂದು ಪಕ್ಕೆ ಭಾರವೆನಿಸಿದರೆ. ಈ ಕೊನೆಯದು ಶ್ವಾಸಕೋಶದ ಸುತ್ತ ನೀರು ತುಂಬುವ ಸೂಚನೆ ಇರಬಹುದು, ಎದೆಯ ಎಕ್ಸ್‌ರೇ ಬೇಕಾಗುತ್ತದೆ. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಆಕ್ಸಿಜನ್ ಗಡಿ ಬೇರೆ, ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಲ್ಯಾಪರೋಸ್ಕೋಪಿಯ ನಂತರ ಒಂದೆರಡು ದಿನ ಭುಜ ನೋಯುವುದು ಒಳಗೆ ತುಂಬಿದ ಗಾಳಿಯಿಂದ, ನಡೆದರೆ ಇಳಿಯುತ್ತದೆ. ಉಸಿರೆಳೆದಾಗಲೆಲ್ಲ ಪಕ್ಕೆಯಲ್ಲಿ ಚುಚ್ಚುವ ನೋವು ಬೇರೆ, ಅದನ್ನು ಗ್ಯಾಸ್ ಎಂದು ಓಮದ ನೀರು ಕೊಟ್ಟು ಕಾಯಬೇಡಿ.

ತಕ್ಷಣ 108ಕ್ಕೆ ಕರೆ ಮಾಡಿ: ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಕಫದಲ್ಲಿ ರಕ್ತ, ಎಚ್ಚರ ತಪ್ಪುವುದು, ತುಟಿ ನೀಲಿಯಾಗುವುದು, ಆಕ್ಸಿಜನ್ 90ಕ್ಕೆ ಇಳಿಯುವುದು, ಉಸಿರು ನಿಮಿಷಕ್ಕೆ 30 ಮುಟ್ಟುವುದು. ಶ್ವಾಸಕೋಶದ ಹೆಪ್ಪನ್ನು ಪತ್ತೆ ಮಾಡಲು ರಕ್ತನಾಳದ ಸಿಟಿ ಸ್ಕ್ಯಾನ್ ಬೇಕು. ಆದ್ದರಿಂದ ಹತ್ತಿರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಡಿಸಿಕೊಂಡ ಮೇಲೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂತಹ ದೊಡ್ಡ ಕಡೆಗೆ ಕಳುಹಿಸುವ ಬಗ್ಗೆ ಅಲ್ಲೇ ಕೇಳಿ. ಆಂಬುಲೆನ್ಸ್ ಬರುವವರೆಗೆ ಒರಗಿಸಿ ಕೂರಿಸಿ, ಬಾಯಿಗೆ ಏನೂ ಹಾಕಬೇಡಿ.

ತುರ್ತು ವಿಭಾಗದ ವೈದ್ಯರಿಗೆ ಮೊದಲ ಮಾತಿನಲ್ಲೇ ಮೂರು ವಿಷಯ ಹೇಳಿ: ಕ್ಯಾನ್ಸರ್ ಆಪರೇಷನ್ ಆಗಿ ಎಷ್ಟು ದಿನವಾಯಿತು, ಹೆಪ್ಪು ತಡೆಯುವ ಇಂಜೆಕ್ಷನ್ ಕೊನೆಯದಾಗಿ ಯಾವಾಗ ಕೊಟ್ಟಿರಿ, ಉಸಿರಿನ ತೊಂದರೆ ಎಷ್ಟು ಹೊತ್ತಿಗೆ ಶುರುವಾಯಿತು. ಡಿಸ್ಚಾರ್ಜ್ ಚೀಟಿ, ಎದೆಯ ಹಳೆಯ ಎಕ್ಸ್‌ರೇ, ಔಷಧಗಳ ಡಬ್ಬಿ ಮತ್ತು ನೀವು ಬರೆದಿಟ್ಟ ನೋಟ್‌ಬುಕ್ ಒಂದೇ ಚೀಲದಲ್ಲಿ, ಬಾಗಿಲಿನ ಬಳಿಯೇ ಇರಲಿ. ಕೀಮೋಥೆರಪಿ ಶುರುವಾದ ಮೇಲೂ ಆ ಚೀಲವನ್ನು ಬಿಚ್ಚಬೇಡಿ.